ಬಾವಿ ದಾಟಿದ ಮೇಲೆ ಎಡಕ್ಕೆ

ನಮ್ಮ ದ್ವೀಪಕ್ಕೆ ಬಂದವರು ಮೊದಲು ಮಾಡಬೇಕಾದ ಕೆಲಸ ಚೀಲ ಇಳಿಸುವುದು. ಬೆನ್ನ ಮೇಲೆ ಅಷ್ಟು ದೊಡ್ಡ ಹೊರೆ ಹೊತ್ತುಕೊಂಡರೆ ಯಾರಿಗಾದರೂ ಸಮುದ್ರ ಚೆಂದ ಕಾಣುತ್ತದೆಯೇ? ದೋಣಿಯಿಂದ ಇಳಿದು ಬಂದರು ಕಚೇರಿಯ ಗೋಡೆಗುಂಟ ನಾಲ್ಕು ಹೆಜ್ಜೆ ನಡೆದರೆ ಒಂದು ಉದ್ದನೆಯ ಕೋಣೆ ಸಿಗುತ್ತದೆ. ಅದಕ್ಕೊಂದು ಅಗಲವಾದ ಕಿಟಕಿ. ಕಿಟಕಿಯ ಹಿಂದೆ ಮರದ ಸ್ಟೂಲಿನ ಮೇಲೆ ಕೂತಿರುವವರು ನನ್ನ ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ. ಊರಿಗೆಲ್ಲ ಅವರು ಲಗೇಜಕ್ಕ. ಬೆಳಗಿನ ದೋಣಿಯಲ್ಲಿ ಬಂದು ಸಂಜೆಯ ದೋಣಿಗೆ ವಾಪಸು ಹೋಗುವವರ ಚೀಲ ಕಾಯುವುದು ಅವರ ಕೆಲಸ. ಅವರ ಯಜಮಾನರು ಇದೇ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಚೇರಿಯವರು ಅತ್ತಿಗೆಗೆ ಈ ಕಿಟಕಿ ಕೊಟ್ಟರು. ಅದಾಗಿ ಮೂವತ್ತೊಂದು ವರ್ಷ.

ನಾನು ಬೋರ್ಡು ಬರೆಯುವವನು. ಮೀನಂಗಡಿಯಿಂದ ಹಿಡಿದು ಪೊಲೀಸ್ ಠಾಣೆಯವರೆಗೆ ಈ ಊರಿನಲ್ಲಿ ಕಾಣುವ ಅಕ್ಷರವೆಲ್ಲ ನನ್ನ ಕೈಯದೇ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಆದರೆ ಈ ಕಥೆಯಲ್ಲಿ ಜಂಬ ಕೊಚ್ಚಿಕೊಳ್ಳುವಂಥದ್ದು ನನಗೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅತ್ತಿಗೆಯ ಕೆಲಸದ ರೀತಿಯೇ ಬೇರೆ. ಚೀಲವನ್ನು ಕೈಗೆ ತೆಗೆದುಕೊಂಡು ಒಮ್ಮೆ ಮೇಲೆತ್ತಿ ತೂಗಿ ನೋಡುತ್ತಾರೆ. ನಂಬರಿನ ತಗಡಿನ ಬಿಲ್ಲೆ ಕೊಡುತ್ತಾರೆ. ಆಮೇಲೆ, ಕೇಳಲಿ ಬಿಡಲಿ, ಇವತ್ತು ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಮಣಭಾರದ ಚೀಲ ತಂದವರಿಗೆ ದೀಪಸ್ತಂಭ ಬೇಡ, ಹೊತ್ತು ತಂದು ಆಗಲೇ ಅವರ ಕಾಲು ಸೋತಿರುತ್ತದೆ. ಅವರು ದೋಣಿ ಕಟ್ಟುವ ಅಂಗಳಕ್ಕೆ ಹೋಗಿ ದಿಮ್ಮಿಯ ಮೇಲೆ ಕೂತು ನೋಡಲಿ. ಬಟ್ಟೆಯನ್ನು ತುರುಕಿ ತುರುಕಿ ತುಂಬಿದವರು ಮೀನಿನ ಹರಾಜಿಗೆ, ಅವರಿಗೆ ಗಲಾಟೆ ಆಗಿಬರುತ್ತದೆ. ಬೀಗದ ಮೇಲೆ ಬೀಗ ಜಡಿದವರು ಬಿಳಿ ಮರಳಿನ ದಂಡೆಗೆ, ಅಲ್ಲಿ ಎಲ್ಲವೂ ಕಣ್ಣೆದುರೇ ಇರುತ್ತದೆ. ಇನ್ನು ಚೀಲ ಹಗುರವಾಗಿದ್ದು ಮುಖ ಮಾತ್ರ ಭಾರವಾಗಿದ್ದವರು ಬಂದರೆ, ಅವರಿಗಾಗಿಯೇ ಅತ್ತಿಗೆ ಒಂದು ಜಾಗ ಎತ್ತಿಟ್ಟಿದ್ದರು. ಪೇಟೆ ಬೀದಿ ಮುಗಿದ ಮೇಲೆ ಒಂದು ಹಳೇ ಬಾವಿ, ಬಾವಿ ದಾಟಿದ ಮೇಲೆ ಎಡಕ್ಕೆ, ತಂಪಾದ ಜಾಗ. ಅಲ್ಲಿ ಏನಿದೆ ಅಂತ ಕೇಳಿದರೆ ಹೇಳುತ್ತಿರಲಿಲ್ಲ. "ಹೋಗಿ ನೋಡಿ. ಎಲ್ಲಾ ನಾನೇ ಹೇಳ್ಬಿಟ್ರೆ ನೀವ್ಯಾಕೆ ನಡೀಬೇಕು?"

ಇಷ್ಟೆಲ್ಲ ದಾರಿ ತೋರಿಸುವ ಅತ್ತಿಗೆ ಇದರಲ್ಲಿ ಒಂದು ಜಾಗವನ್ನೂ ಕಣ್ಣಾರೆ ಕಂಡವರಲ್ಲ. ನಂಬುವುದು ಕಷ್ಟ, ನನಗೆ ಗೊತ್ತು. ಮೊದಲ ದೋಣಿ ಬರುವ ಮುಂಚೆ ಕಿಟಕಿ ತೆರೆಯಬೇಕು, ಕೊನೆಯ ದೋಣಿ ಹೋದ ಮೇಲೆ ಮುಚ್ಚಬೇಕು, ಒಂದೇ ಒಂದು ಚೀಲ ಒಳಗಿದ್ದರೂ ಜಾಗ ಬಿಟ್ಟು ಕದಲಬಾರದು. ಮನೆ ಕೋಣೆಯ ಹಿಂದೆಯೇ. ತರಕಾರಿ, ದಿನಸಿ ಮನೆಬಾಗಿಲಿಗೇ ಬರುತ್ತದೆ. ಒಂದು ದಿನ ರಜೆ ಹಾಕಿ ಅಂದರೆ, ಯಾರಾದರೂ ಬಿಲ್ಲೆ ಹಿಡಿದುಕೊಂಡು ಬಂದು ಕಿಟಕಿ ಮುಚ್ಚಿದ್ದು ನೋಡಿದರೆ ಅವರ ಎದೆ ಒಡೆದುಹೋಗುತ್ತದೆ ಅನ್ನುತ್ತಿದ್ದರು. ಹಾಗಾಗಿ ಅವರಿಗೆ ಗೊತ್ತಿದ್ದ ದ್ವೀಪವೆಲ್ಲ ಸಂಜೆ ವಾಪಸು ಬಂದವರು ಹೇಳಿದ್ದು. ಅದಕ್ಕಿಂತ ಹೆಚ್ಚಾಗಿ ಅವರ ಕಾಲು ಹೇಳಿದ್ದು. ಪಾದಕ್ಕೆ ಮರದ ಹೊಟ್ಟು ಅಂಟಿದ್ದರೆ ದೋಣಿಯ ಅಂಗಳ, ಮೀನಿನ ಹುರುಪೆ ಅಂಟಿದ್ದರೆ ಹರಾಜು, ಮೊಣಕಾಲು ನಡುಗುತ್ತಿದ್ದರೆ ದೀಪಸ್ತಂಭ. ಬಾವಿ ದಾಟಿ ಎಡಕ್ಕೆ ಹೋದವರು ಮೊಣಕಾಲಿನವರೆಗೆ ಒದ್ದೆಯಾಗಿ, ಹೆಬ್ಬೆರಳಿನವರೆಗೂ ಚೊಕ್ಕಟವಾಗಿ, ಮುಖ ಅರಳಿಸಿಕೊಂಡು ಬರುತ್ತಿದ್ದರು. ನೀವು ಹೇಳಿದ ಜಾಗ ತುಂಬ ಚೆನ್ನಾಗಿತ್ತಮ್ಮ ಅನ್ನುತ್ತಿದ್ದರು. ಅತ್ತಿಗೆ ಒಂದು ಸಲ ಅವರ ಕಾಲು ನೋಡಿ ತಲೆಯಾಡಿಸುತ್ತಿದ್ದರು. ಇನ್ನೇನು ಬೇಕು?

ಅಲ್ಲಿ ಒಂದು ಕೊಳವಿದೆ ಅಂತ ಅತ್ತಿಗೆಗೆ ಹದಿನೆಂಟು ವರ್ಷದ ಹಿಂದೆ ಒಬ್ಬಾಕೆ ಹೇಳಿದ್ದಳು. ಬಂಡೆಯ ನಡುವೆ ತಿಳಿನೀರು, ಸುತ್ತ ಮರ, ಕಾಲು ಇಳಿಬಿಟ್ಟರೆ ಏಳಲು ಮನಸ್ಸಾಗುವುದಿಲ್ಲ ಅಂತ ಕಿಟಕಿಯ ಆಚೆ ನಿಂತು, ಬಾವಿ ದಾಟಿದ ಮೇಲೆ ಈ ಕಡೆಗೆ ಅಂತ ಕೈ ಬೀಸಿ ಬೀಸಿ ವರ್ಣಿಸಿದ್ದಳು. ಅವತ್ತೇ ಅದು ಅತ್ತಿಗೆಯ ಪಟ್ಟಿಗೆ ಸೇರಿತು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೋಣೆಯ ಮೂಲೆಯಲ್ಲಿ ಒಂದು ಅಟ್ಟಣಿಗೆ ಇದೆ. ಯಾರೂ ಕೇಳಿಕೊಂಡು ಬಾರದ ಸಾಮಾನೆಲ್ಲ ಅಲ್ಲಿ. ಮೂರು ಛತ್ರಿ, ಒಂಟಿ ಬೂಟು, ಹಲ್ಲಿಲ್ಲದ ಹಾರ್ಮೋನಿಯಂ, ಒಂದು ಬೆತ್ತದ ಕುರ್ಚಿ. ಎಲ್ಲಕ್ಕೂ ಬಿಲ್ಲೆ ಕಟ್ಟಿದೆ. ಕುರ್ಚಿಯನ್ನು ಯಾವುದೋ ಕಾಲದಲ್ಲಿ ಕೈಗಾಡಿಯವನೊಬ್ಬ ಇದು ಇಲ್ಲಿಗೆ ಅಂತ ಇಳಿಸಿ, ದೋಣಿ ಶಿಳ್ಳೆ ಹಾಕಿತು ಅಂತ ಓಡಿಹೋಗಿದ್ದ. ಯಾರೋ ಪ್ರಯಾಣಿಕರದ್ದು ಅಂತ ಅತ್ತಿಗೆ ಇನ್ನೂರ ಹನ್ನೆರಡನೇ ನಂಬರು ಕಟ್ಟಿ ಮೇಲಿಟ್ಟರು. ಸ್ಟೂಲಿನ ಮೇಲೆ ಕೂತು ಕೂತು ಅವರ ಸೊಂಟ ಹಿಡಿದುಕೊಂಡಿತ್ತು. ಆ ಕುರ್ಚಿಯನ್ನಾದರೂ ಇಳಿಸಿಕೊಳ್ಳಿ ಅಂತ ನನ್ನ ಹೆಂಡತಿ ಎಷ್ಟು ಸಲ ಅಂಗಲಾಚಿದ್ದಳೋ. ಬೇರೆಯವರ ಸಾಮಾನಿನ ಮೇಲೆ ಕೂರುವಷ್ಟು ಕೆಟ್ಟುಹೋಗಿಲ್ಲ ಅನ್ನುವುದು ಅತ್ತಿಗೆಯ ಉತ್ತರ. ವಾರಕ್ಕೊಮ್ಮೆ ದೂಳು ಮಾತ್ರ ಒರೆಸುತ್ತಿದ್ದರು.

ಹೀಗಿರುವಾಗ ಬಂದರು ಕಚೇರಿಗೆ ಹೊಸ ಅಧಿಕಾರಿ ಬಂದರು. ಬಂದವರೇ ಕಟ್ಟೆಯ ಮೇಲೆ ಒಂದು ದೊಡ್ಡ ಬೋರ್ಡು ನಿಲ್ಲಿಸಬೇಕು ಅಂದರು. ದ್ವೀಪದಲ್ಲಿ ನೋಡಬೇಕಾದ ಏಳು ಜಾಗ, ದೂರ, ದಿಕ್ಕು, ಬಾಣದ ಗುರುತು. ಬರೆಯುವುದು ನಾನು, ಬರೆಸುವುದು ಲಗೇಜಕ್ಕ. ವಾರದೊಳಗೆ ಆಗಬೇಕು. ನಾನು ಆಗಲೇ ನೀಲಿ ಬಣ್ಣ ಕಲಸಿಟ್ಟುಕೊಂಡು ಪಟ್ಟಿ ಕೇಳಲು ಹೋದರೆ ಅತ್ತಿಗೆಯ ಮುಖ ಸಪ್ಪಗಾಗಿತ್ತು.

"ಬಾಯಲ್ಲಿ ಹೇಳೋದು ಬೇರೆ, ಬೋರ್ಡಲ್ಲಿ ಬರೆಯೋದು ಬೇರೆ," ಅಂದರು. "ಒಂದ್ಸಲ ಎಲ್ಲಾ ಕಣ್ಣಲ್ಲಿ ನೋಡ್ಬಿಡ್ತೀನಿ. ನನ್ನ ಮಾತು ಸುಳ್ಳಾದ್ರೆ ಈ ಕಿಟಕೀಲಿ ನಾನು ಯಾವ ಮುಖ ಇಟ್ಕೊಂಡು ಕೂರ್ಲಿ?"

ಹೀಗೆ ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅತ್ತಿಗೆ ರಜೆ ಹಾಕಿದರು. ಕಿಟಕಿಯಲ್ಲಿ ನನ್ನ ಹೆಂಡತಿಯನ್ನು ಕೂರಿಸಿ, ಹೊರಡುವಾಗ ಅವಳಿಗೆ ಒಂದು ಗಂಟೆ ಬುದ್ಧಿ ಹೇಳಿ, ಛತ್ರಿ ಹಿಡಿದು ನನ್ನ ಜೊತೆ ಹೊರಟರು. ನಾನು ಅಳತೆಯ ಟೇಪು, ಪುಸ್ತಕ, ಪೆನ್ಸಿಲು ಹಿಡಿದುಕೊಂಡೆ. ಅಂಥ ಪ್ರವಾಸಿಯನ್ನು ನಾನು ಕಂಡಿಲ್ಲ. ದೀಪಸ್ತಂಭಕ್ಕೆ ನೂರ ಐವತ್ತು ಮೆಟ್ಟಿಲು ಅಂತ ಜನಕ್ಕೆ ಹೇಳಿದ್ದೆನಲ್ಲ ಅಂತ ಒಂದೊಂದೇ ಎಣಿಸಿಕೊಂಡು ಹತ್ತಿ, ನೂರ ಅರವತ್ತೆರಡು ಬಂದಿದ್ದಕ್ಕೆ ಮೇಲೆ ನಿಂತು ಸಮುದ್ರ ನೋಡುವುದು ಬಿಟ್ಟು ಹನ್ನೆರಡು ಮೆಟ್ಟಿಲಿಗಾಗಿ ಕೊರಗಿದರು. ಗಾಜಿನ ತಳದ ದೋಣಿಯಲ್ಲಿ ಕೂತು, ಬಣ್ಣಬಣ್ಣದ ಮೀನು ಓಡಾಡುವಾಗ, ಗಾಜು ಒರೆಸಿ ಎಷ್ಟು ದಿನ ಆಯಿತು ಅಂತ ದೋಣಿಯವನನ್ನು ತರಾಟೆಗೆ ತೆಗೆದುಕೊಂಡರು. ಬಿಳಿ ಮರಳು ನಿಜಕ್ಕೂ ಬಿಳಿಯೇ ಇತ್ತು. ಒಂದು ಹಿಡಿ ತೆಗೆದು ಸೆರಗಿಗೆ ಕಟ್ಟಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಆರು ಜಾಗ ಸರಿಯಾದವು. ಅತ್ತಿಗೆಯ ನಡಿಗೆಯಲ್ಲಿ ಗತ್ತು ಬಂದಿತ್ತು. ಏಳನೆಯದಕ್ಕೆ ಹೋಗುವಾಗ ನನಗಿಂತ ಮುಂದೆ ನಡೆಯುತ್ತಿದ್ದರು.

ಬಾವಿ ದಾಟಿದೆವು. ಎಡಕ್ಕೆ ತಿರುಗಿದೆವು. ಎರಡು ಕಾಂಪೌಂಡಿನ ನಡುವೆ ಇಕ್ಕಟ್ಟಾದ ಓಣಿ, ಅದು ಮುಗಿದಲ್ಲಿ ಒಂದು ಮರದ ಗೇಟು. ಗೇಟು ತೆರೆದೇ ಇತ್ತು. ಒಳಗೆ ದೊಡ್ಡ ಹಲಸಿನ ಮರ, ಅದರ ನೆರಳಿನಲ್ಲಿ ಕುರ್ಚಿಗಳು. ಇಪ್ಪತ್ತಾದರೂ ಇದ್ದವು, ಒಂದರ ಹಾಗೆ ಇನ್ನೊಂದಿಲ್ಲ. ಪಕ್ಕದಲ್ಲಿ ಬೆತ್ತ ನೆನೆಹಾಕುವ ಎರಡು ಸಿಮೆಂಟಿನ ತೊಟ್ಟಿ. ಒಂದರಲ್ಲಿ ಬೆತ್ತವಿತ್ತು. ಇನ್ನೊಂದರಲ್ಲಿ ಬರೀ ತಿಳಿನೀರು, ಅದರ ಅಂಚಿನಲ್ಲಿ ಕೂರಲು ಹಲಗೆ, ಹಲಗೆಯ ಮೇಲೆ ಮಡಿಸಿಟ್ಟ ಟವೆಲು. ಬಂಡೆಯಿಲ್ಲ, ಕೊಳವಿಲ್ಲ. ಅದು ಯಾರದೋ ಮನೆಯ ಅಂಗಳ.

ಅತ್ತಿಗೆ ತೊಟ್ಟಿಯನ್ನು ನೋಡಿದರು, ಟವೆಲನ್ನು ನೋಡಿದರು. ಹದಿನೆಂಟು ವರ್ಷ ತಾವು ನೋಡಿದ ಒದ್ದೆ ಕಾಲುಗಳೆಲ್ಲ ಎಲ್ಲಿಂದ ಬಂದವು ಅಂತ ಅವರಿಗೆ ಆ ಕ್ಷಣದಲ್ಲೇ ತಿಳಿಯಿತು. ಕೊಳದ ವಿಷಯ ಹೇಳಿದಾಕೆ ಕಿಟಕಿಯ ಆಚೆ, ಇವರ ಎದುರು ನಿಂತಿದ್ದಳಲ್ಲ. ಎದುರು ನಿಂತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ. ಅಷ್ಟೇ ಆಗಿದ್ದು.

ಮರದ ಬುಡದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಕುರ್ಚಿಯ ಸೀಟು ಹೆಣೆಯುತ್ತಿದ್ದರು. ಒಂದು ಕಾಲು ಮಡಚಲು ಬಾರದೆ ನೆಟ್ಟಗೆ ಮುಂದಕ್ಕೆ ಚಾಚಿತ್ತು. ಬನ್ನಿ ಬನ್ನಿ, ಆ ಉದ್ದ ಬೆನ್ನಿನದರಲ್ಲಿ ಕೂತುಕೊಳ್ಳಿ, ಅದು ಹೊಸ ಹೆಣಿಗೆ, ಯಾರಾದರೂ ಕೂರಬೇಕು ಅಂತ ಅಭ್ಯಾಸದಂತೆ ಕರೆದರು. ಹೊಸ ಸೀಟು ತಮಟೆಯ ಹಾಗೆ ಬಿಗಿದುಕೊಂಡಿರುತ್ತದಂತೆ. ನಾಲ್ಕು ಜನ ಕೂತ ಮೇಲೆ ಹದಕ್ಕೆ ಬರುತ್ತದೆ, ವರ್ಷಗಟ್ಟಲೆ ಕೂತರೆ ತಗ್ಗಿ, ಕೂತವರ ಮೈಗೇ ಹೊಂದಿಕೊಳ್ಳುತ್ತದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಇವರೇ ಬಂದರಿನ ಲಗೇಜ್ ಕೋಣೆಯವರು ಅಂದುಬಿಟ್ಟೆ.

ಅವರ ಕೈಯಿಂದ ಬೆತ್ತ ಜಾರಿತು. ಊರುಗೋಲು ಹುಡುಕಿ ಎದ್ದು ನಿಂತರು.

"ಹದಿನೆಂಟು ವರ್ಷ ಆಯ್ತು ತಾಯಿ, ಒಂದಿನ ಬರ್ತೀರಿ ಅಂತ ಕಾಯ್ತಾ ಇದ್ದೆ."

ಅವರ ಹೆಂಡತಿ ತೀರಿಕೊಂಡ ತಿಂಗಳು ಅದು. ಬೆತ್ತವನ್ನೆಲ್ಲ ಮೂಲೆಗೆ ಎಸೆದು, ಒಲೆ ಹಚ್ಚದೆ, ಯಾರು ಬಂದರೂ ಮಾತಾಡದೆ ಬಿದ್ದುಕೊಂಡಿದ್ದರಂತೆ. ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಲಗೇಜ್ ಕೋಣೆಯ ಅಮ್ಮ ಕಳಿಸಿದರು, ತಂಪಾದ ಜಾಗ ಅಂದರು ಅಂತ ನಿಂತರಂತೆ. ಬಿಸಿಲಲ್ಲಿ ಬಂದವರನ್ನು ಹೋಗಿ ಅನ್ನಲಾಗದೆ ಎರಡು ಕುರ್ಚಿ ಹಾಕಿದರು, ನೀರು ಕೊಟ್ಟರು. ಮಾರನೇ ದಿನ ಮತ್ತೆ ಮೂವರು. ನಾಲ್ಕನೇ ದಿನಕ್ಕೆ ಗಟ್ಟಿಯಿದ್ದ ಕುರ್ಚಿಗಳು ಸಾಲದೆ ಒಂದರ ಸೀಟು ಹೆಣೆಯಲು ಕೂತರು. ಅವತ್ತಿನಿಂದ ಕೈ ನಿಂತಿಲ್ಲ. ಒಂದೊಂದು ವಾರ ದಪ್ಪದವರನ್ನೇ ಆರಿಸಿ ಕಳಿಸುತ್ತೀರಲ್ಲ, ಹೊಸ ಸೀಟು ಹೆಚ್ಚಿವೆ ಅಂತ ನಿಮಗೆ ಅಲ್ಲಿಂದಲೇ ಹೇಗೆ ತಿಳಿಯುತ್ತದೆ ಅಂತ ನಗುತ್ತ ಕೇಳಿದರು. ಆಮೇಲೆ ನಗು ಬಿಟ್ಟು ಕೇಳಿದರು.

"ಅವತ್ತು ನನ್ನ ಸಂಕಟ ನಿಮಗೆ ಯಾರು ಹೇಳಿದ್ರು ತಾಯಿ?"

ಎಂಥವರಿಗೂ ಎದುರುತ್ತರ ಕೊಡುವ ನನ್ನ ಅತ್ತಿಗೆ ನಿಜ ಹೇಳಬೇಕು ಅಂತ ಬಾಯಿ ತೆರೆದಿದ್ದನ್ನು ನಾನು ನೋಡಿದೆ. ಹೇಳಲಿಲ್ಲ. ಅಷ್ಟರಲ್ಲಿ ಕುರ್ಚಿ ಹೆಣೆಯುವವರೇ, ಆಗ ನಿಮಗೆ ಕೂರಲು ಅಂತ ಕೈಗಾಡಿಯವನ ಕೈಯಲ್ಲಿ ಒಂದು ಕುರ್ಚಿ ಕಳಿಸಿದ್ದೆನಲ್ಲ, ಮತ್ತೆ ಹೆಣೆಯಲು ಶುರು ಮಾಡಿದ ಮೇಲಿನ ಮೊದಲ ಕುರ್ಚಿ ಅದು, ಸೀಟು ಹೇಗಿದೆ ಅಂತ ವಿಚಾರಿಸಿದರು.

ಅತ್ತಿಗೆಗೆ ಅಟ್ಟಣಿಗೆಯ ಮೇಲಿನ ಇನ್ನೂರ ಹನ್ನೆರಡು ನೆನಪಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು.

"ಗಟ್ಟಿಯಾಗೇ ಇದೆ. ಒಂದೆಳೆನೂ ಸಡಿಲ ಆಗಿಲ್ಲ."

"ಒಂದೆಳೆನೂ ಇಲ್ವಾ," ಅಂದರು ಅವರು. ಅತ್ತಿಗೆಯನ್ನು ಸ್ವಲ್ಪ ಹೊತ್ತು ನೋಡಿದರು. ತಮ್ಮ ಕೆಲಸದ ಬಗ್ಗೆ ಹೆಮ್ಮೆ ಇರಬೇಕು ಅಂದುಕೊಂಡೆ ನಾನು. ಹೊರಡುವಾಗ ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ವಾಪಸು ಬರುತ್ತ ಬಾವಿಯ ಬಲಕ್ಕೂ ಹೋದೆವು. ಐದು ನಿಮಿಷದ ದಾರಿ. ಕೊಳ ಇತ್ತು. ಆ ಹೆಂಗಸು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ: ಬಂಡೆ, ಮರ, ತಳದ ಕಲ್ಲು ಕಾಣುವಂಥ ನೀರು. ಅತ್ತಿಗೆ ಚಪ್ಪಲಿ ಬಿಟ್ಟು ಕಾಲು ಇಳಿಬಿಟ್ಟು ಕೂತರು. ನಾನು ಸುಮ್ಮನಿರಲಾರದೆ ಲೆಕ್ಕ ಮುಂದಿಟ್ಟೆ. ಬೋರ್ಡಿನಲ್ಲಿ ಬಲಕ್ಕೆ ಅಂತ ಬರೆದರೆ ಆ ಅಂಗಳಕ್ಕೆ ಇನ್ನು ಯಾರೂ ಹೋಗುವುದಿಲ್ಲ. ಎಡಕ್ಕೆ ಅಂತ ಬರೆದರೆ ಸುಳ್ಳು, ಅದೂ ನನ್ನ ಅಕ್ಷರದಲ್ಲಿ. ಎಂಟನೆಯದಾಗಿ ಅಂಗಳವನ್ನೂ ಸೇರಿಸಿಬಿಡೋಣ ಅಂದೆ.

"ಬೋರ್ಡ್ ನೋಡಿದ್ರೆ ಒಂದೇ ದಿನ ನೂರು ಜನ ನುಗ್ತಾರೆ. ಆ ಕುರ್ಚಿಯವರ ಕಾಲು ನೋಡ್ಲಿಲ್ವಾ ನೀವು?" ಅಂದರು ಅತ್ತಿಗೆ. ನೀರಿನಿಂದ ಕಾಲು ಎತ್ತಿಕೊಂಡು, "ಬಲಕ್ಕೆ ಅಂತಾನೇ ಬರೀರಿ. ಸುಳ್ಳು ಬೇಡ," ಅಂದರು.

ಬರೆದೆ. ನೀಲಿಯ ಮೇಲೆ ಬಿಳಿ ಅಕ್ಷರ, ಹಳದಿ ಬಾಣ. ನನ್ನ ಜೀವಮಾನದಲ್ಲೇ ಅಷ್ಟು ಚೆಂದದ ಬೋರ್ಡು ಬರೆದಿರಲಿಲ್ಲ. ಅಧಿಕಾರಿ ಬೆನ್ನು ತಟ್ಟಿದರು. ದೋಣಿಯಿಂದ ಇಳಿದವರು ಬೋರ್ಡಿನ ಮುಂದೆ ನಿಂತು, ಬೆರಳಿಟ್ಟು ಓದಿಕೊಂಡು, ಚೀಲ ಕೊಟ್ಟು, ಬಿಲ್ಲೆ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಅತ್ತಿಗೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅತ್ತಿಗೆಯೂ ಏನೂ ಹೇಳುತ್ತಿರಲಿಲ್ಲ. ಚೀಲ ತೂಗಿ ನೋಡುವುದನ್ನೇ ಬಿಟ್ಟಿದ್ದರು. ಹದಿನೆಂಟು ವರ್ಷ ಜನಕ್ಕೆ ತಪ್ಪು ದಾರಿ ಹೇಳಿದವಳು ಇನ್ನು ಬಾಯಿ ಮುಚ್ಚಿಕೊಂಡಿರುವುದೇ ಮೇಲು ಅಂತ ತಂಗಿಯ ಹತ್ತಿರ ಅಂದರಂತೆ. ಅಲ್ಲಿ ಹಲಸಿನ ಮರದ ಕೆಳಗೆ ಒಬ್ಬರು ಗೇಟಿನ ಕಡೆ ನೋಡುತ್ತ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಬೋರ್ಡಿನ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಅಕ್ಷರದ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಹೀಗೆ ಐದು ದಿನ ಕಳೆಯಿತು.

ಆರನೇ ದಿನ ಬೋರ್ಡಿನ ಅಂಚಿಗೆ ಎರಡನೇ ಸಲ ವಾರ್ನಿಷ್ ಹೊಡೆಯಲು ನಾನು ಏಣಿ ಹಾಕಿಕೊಂಡಿದ್ದೆ. ಒಬ್ಬಳೇ ಬಂದ ಹೆಂಗಸು, ನಲವತ್ತು ದಾಟಿರಬಹುದು, ಕಿಟಕಿಯಲ್ಲಿ ಚೀಲ ಇಟ್ಟಳು. ಅತ್ತಿಗೆ ಅದನ್ನು ಒಳಗೆ ತೆಗೆದುಕೊಳ್ಳುವಾಗ ಕೈ ತಾನಾಗಿಯೇ ಮೇಲೆತ್ತಿ ತೂಗಿತು. ಚೀಲದಲ್ಲಿ ಏನೂ ಇದ್ದಂತಿರಲಿಲ್ಲ. ಅತ್ತಿಗೆ ತಲೆಯೆತ್ತಿ ಅವಳ ಮುಖ ನೋಡಿದರು. ಬಿಲ್ಲೆ ಕೊಟ್ಟರು. ಅವಳು ಹೊರಟು ನಾಲ್ಕು ಹೆಜ್ಜೆ ಹೋದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕರೆದರು.

"ಬಾವಿ ದಾಟಿದ ಮೇಲೆ ಎಡಕ್ಕೆ ಹೋಗಿ. ತಂಪಾದ ಜಾಗ."

"ಬೋರ್ಡಲ್ಲಿ ಬಲಕ್ಕೆ ಅಂತ ಇದೆಯಲ್ಲಮ್ಮ?"

"ಬೋರ್ಡು ಬರೆಸಿದ್ದು ನಾನೇ. ಅದು ಎಲ್ಲರಿಗೂ. ನೀವು ಎಡಕ್ಕೆ ಹೋಗಿ."

ಏಣಿಯ ಮೇಲೆ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅತ್ತಿಗೆ ನನ್ನ ಕಡೆ ನೋಡಿ, ವಾರ್ನಿಷ್ ಸೋರುತ್ತಿದೆ, ಕೆಲಸ ನೋಡಿ ಅಂದರು.

ಸಂಜೆಯ ದೋಣಿಗೆ ಇನ್ನೂ ಅರ್ಧ ಗಂಟೆ ಇರುವಾಗ ಆ ಹೆಂಗಸು ವಾಪಸು ಬಂದಳು. ಮೊಣಕಾಲಿನವರೆಗೆ ಒದ್ದೆ, ಪಾದ ಚೊಕ್ಕಟ. ಅತ್ತಿದ್ದಳು ಅಂತ ಕಾಣುತ್ತದೆ, ಆದರೆ ಈಗ ಮುಖ ತಿಳಿಯಾಗಿತ್ತು. ಬಿಲ್ಲೆ ಕೊಡುತ್ತ, ಅಲ್ಲಿಯ ಕುರ್ಚಿಯವರು ಒಂದು ಮಾತು ಹೇಳಿ ಕಳಿಸಿದ್ದಾರೆ, ಹೇಳಿದ ಹಾಗೇ ಹೇಳಬೇಕಂತೆ, ತನಗೇನೂ ಅರ್ಥವಾಗಲಿಲ್ಲ ಅಂದಳು.

"ಹದಿನೆಂಟು ವರ್ಷ ಕೂತ ಸೀಟು ಗಟ್ಟಿಯಾಗಿರಲ್ಲ ತಾಯಿ. ನೀವು ಕೂತೇ ಇಲ್ಲ, ನನ್ನ ಕಥೆನೂ ನಿಮಗೆ ಗೊತ್ತಿರಲಿಲ್ಲ ಅಂತ ಅವತ್ತೇ ಗೊತ್ತಾಯ್ತು. ಆದ್ರೂ ಇವತ್ತು ಮತ್ತೆ ಕಳಿಸಿದ್ರಲ್ಲ, ಅಷ್ಟು ಸಾಕು. ಇನ್ನಾದ್ರೂ ಕೂತ್ಕೊಳ್ಳಿ."

ಅತ್ತಿಗೆ ಅವಳ ಚೀಲ ಕೊಟ್ಟು ಕಳಿಸಿದರು. ಉಳಿದವರ ಚೀಲಗಳನ್ನೂ ಒಂದೊಂದಾಗಿ ಕೊಟ್ಟರು. ದೋಣಿ ಹೋಯಿತು. ಆಮೇಲೆ ನನ್ನನ್ನು ಕರೆದು ಅಟ್ಟಣಿಗೆಯಿಂದ ಇನ್ನೂರ ಹನ್ನೆರಡನ್ನು ಇಳಿಸಿ ಅಂದರು. ಇಳಿಸಿದೆ. ಬಿಲ್ಲೆಯ ದಾರವನ್ನು ತಾವೇ ಬಿಚ್ಚಿದರು. ವಾರಸುದಾರರು ಸಿಕ್ಕರೆ ರಿಜಿಸ್ಟರಿನಲ್ಲಿ ರುಜು ಹಾಕಿಸಿಕೊಳ್ಳಬೇಕು ಅನ್ನುವುದು ನಿಯಮ. ಪುಸ್ತಕ ತೆಗೆದು ಹದಿನೆಂಟು ವರ್ಷದ ಹಿಂದಿನ ಪುಟ ಹುಡುಕಿ, ಪಡೆದುಕೊಂಡವರ ಸಾಲಿನಲ್ಲಿ ತಮ್ಮ ಹೆಸರನ್ನೇ ಬರೆದು ರುಜು ಹಾಕಿದರು. ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತರು. ಬೆತ್ತ ಕಿರ್ ಅಂದಿತು.

"ತಮಟೆ ಥರಾನೇ ಇದೆ," ಅಂದರು. ಕಣ್ಣು ಒರೆಸಿಕೊಂಡರು. "ಹದಕ್ಕೆ ಬರೋಕೆ ಇನ್ನೂ ಸುಮಾರು ದಿನ ಬೇಕು."